ಗೋಡೆಗೆ ಮರದ ವೇಷ

ಕೆಲವು ವಾರಗಳಿಂದ ನಮ್ಮ ವಾಚನಾಲಯಕ್ಕೆ ಬರುವ ಸದಸ್ಯರು ವೃತ್ತಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ಮೊದಲೇ ನಮ್ಮನ್ನು ವಿಚಾರಣೆಗೆ ನಿಲ್ಲಿಸುತ್ತಿದ್ದಾರೆ. ಹೊಸಬರು, "ಬಾಗಿಲಿನ ಎದುರಿನ ಗೋಡೆಗೆ ತೇಗದ ಹಲಗೆ ಹೊಡೆಸಿದ್ದೀರಲ್ಲ, ಹಣ ಎಲ್ಲಿಂದ ಬಂತು?" ಎನ್ನುತ್ತಾರೆ. ಹಳಬರು ಇನ್ನೂ ಬಿರುಸಾಗಿ, "ಮತ್ತೆ ಹಲಗೆಯೇ? ಒಮ್ಮೆ ಬುದ್ಧಿ ಕಲಿತದ್ದು ಸಾಲದೆ ಹೋಯಿತೇ?" ಎನ್ನುತ್ತಾರೆ. ಇಬ್ಬರಿಗೂ ನಮ್ಮ ಉತ್ತರ ಒಂದೇ: ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಮರದ ಸದ್ದು ಬರುವುದಿಲ್ಲ. ಅಲ್ಲಿರುವುದು ಗಾರೆಯ ಗೋಡೆ, ಅದರ ಮೇಲೆ ಬಣ್ಣ. ಒಂದು ಚೂರು ಮರವೂ ಇಲ್ಲ. ಬಣ್ಣ, ಎಣ್ಣೆ, ವಾರ್ನಿಷ್‌ಗಳಿಗೆ ವರ್ಗಣಿಯ ಹಣದಲ್ಲಿ ಎಷ್ಟು ತಗಲಿತೆಂಬುದು ಲೆಕ್ಕದ ಪುಸ್ತಕದಲ್ಲಿದೆ. ಯಾರು ಬೇಕಾದರೂ ತೆರೆದು ನೋಡಬಹುದು. ಆದರೆ ಈ ಕೆಲಸ ಏಕೆ ಆಯಿತು, ಹೇಗೆ ಆಯಿತು ಎಂಬುದನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲಿ ಒಮ್ಮೆಗೇ ಬರೆದುಬಿಡುವುದು ಲೇಸೆಂದು ತೋರಿತು. ತಮ್ಮ ಖೋಲಿಯ ಒಂದು ಗೋಡೆಯನ್ನಾದರೂ ಹೀಗೆ ಮಾಡಿಕೊಳ್ಳಬೇಕೆಂದಿರುವವರೂ ಕೆಲವರಿದ್ದಾರೆ. ಅವರಿಗೂ ಇದು ಉಪಯೋಗವಾದೀತು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಕೊಠಡಿ ಕೆಳ ಅಂತಸ್ತಿನದು. ಬಾಗಿಲಿನ ಎದುರಿನ ಗೋಡೆ ಮುಂಬಯಿಯ ಮಳೆಗಾಲದಲ್ಲಿ ಬೆವರುತ್ತಿತ್ತು. ಬೇಸಗೆಯಲ್ಲಿ ಅದರ ಸುಣ್ಣ ಹೊಪ್ಪಳೆಯೆದ್ದು, ಒರಗಿ ಕೂತವರ ಅಂಗಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಕಚೇರಿಯಿಂದ ನೇರವಾಗಿ ಇಲ್ಲಿಗೆ ಬರುವ ಗುಮಾಸ್ತರು ಬೆನ್ನು ಬಿಳಿ ಮಾಡಿಕೊಂಡು ಮನೆಗೆ ಹೋಗಿ ಬೈಸಿಕೊಂಡದ್ದೂ ಉಂಟು. ಅದಕ್ಕೆ ಉಪಾಯವೆಂದು ನಾವು ನಾಲ್ಕು ಅಡಿ ಎತ್ತರಕ್ಕೆ ಪ್ಲೈವುಡ್ ಹೊಡೆಸಿದೆವು. ನೋಡಲು ಅಂದವಾಗಿತ್ತು. ಎರಡು ಮಳೆಗಾಲ ಕಳೆಯಿತು. ಒಂದು ದಿನ ಗ್ರಂಥಪಾಲರು ಹಳೆಯ ಮಾಸಪತ್ರಿಕೆಗಳ ಕಟ್ಟೊಂದನ್ನು ಕೆಳಗಿನ ಅರೆಯಿಂದ ತೆಗೆದರೆ ರಟ್ಟು ಮಾತ್ರ ಕೈಗೆ ಬಂತು, ಒಳಗಿದ್ದದ್ದು ಮಣ್ಣು. ಪ್ಲೈವುಡ್‌ನ ಹಿಂದೆ ಗೆದ್ದಲು ನೆಮ್ಮದಿಯಾಗಿ ದಾರಿ ಮಾಡಿಕೊಂಡು ಕಪಾಟಿನವರೆಗೂ ಬಂದಿತ್ತು. ಹನ್ನೊಂದು ಸಂಪುಟಗಳು ಹೋದವು. ಅವನ್ನು ಊರಿನಿಂದ ರೈಲಿನಲ್ಲಿ ಹೊತ್ತು ತಂದು ಕೊಟ್ಟವರು ಈಗ ಇಲ್ಲ. ಮತ್ತೆ ಕೊಳ್ಳೋಣವೆಂದರೆ ಸಿಗುವ ಪುಸ್ತಕಗಳೂ ಅವಲ್ಲ.

ಹಲಗೆಗಳನ್ನು ಕಿತ್ತೆಸೆದ ದಿನ ಗೋಡೆ ನೋಡುವಂತಿರಲಿಲ್ಲ. ಇನ್ನೂ ಒಳ್ಳೆಯ ಹಲಗೆ, ಗೆದ್ದಲು ಹಿಡಿಯದ ಹಲಗೆ ಹಾಕಿಸೋಣವೆಂದು ಸಮಿತಿಯಲ್ಲಿ ಮಾತು ನಡೆದಿತ್ತು. ಆಗ ಮೂಲೆಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ನಮ್ಮ ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದರು. ಕುಂದಾಪುರದ ಕಡೆಯವರು, ಈ ಊರಿನಲ್ಲಿ ನಲವತ್ತು ವರ್ಷ ಗೋಡೆ ಬಾಗಿಲುಗಳಿಗೆ ಬಣ್ಣ ಬಳಿದ ಕೈ. "ಹಲಗೆ ಬೇಡ ಮಾರಾಯ್ರೆ. ಹಲಗೆಯ ಹಿಂದೆ ಏನಾಗ್ತದೆ ಅಂತ ಯಾರಿಗೆ ಗೊತ್ತಾಗ್ತದೆ? ಗೋಡೆ ಗೋಡೆಯಾಗಿಯೇ ಇರ್ಲಿ. ಮೇಲೆ ನಾನು ಮರ ಬರೆದು ಕೊಡ್ತೇನೆ" ಎಂದರು. ಕೂಲಿ ಬೇಡವೆಂದರು. ಒಂದೇ ಷರತ್ತು: ಗೋಡೆ ಒಣಗುವ ತನಕ ತಾನು ಕುಂಚ ಮುಟ್ಟುವುದಿಲ್ಲ, ಯಾರೂ ಅವಸರ ಮಾಡಕೂಡದು.

ಈ ಷರತ್ತು ಎಷ್ಟು ದೊಡ್ಡದೆಂಬುದು ನಮಗೆ ಅಂದು ತಿಳಿಯಲಿಲ್ಲ. ಗೋಡೆಯ ತೇವ ಎರಡು ಬಗೆ. ಕೊಠಡಿಯ ಗಾಳಿಯಲ್ಲಿನ ನೀರಾವಿ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುವುದು ಒಂದು; ಗೋಡೆಯ ಒಳಗಿನಿಂದಲೇ ನೀರು ಒಸರುವುದು ಇನ್ನೊಂದು. ಯಾವುದೆಂದು ತಿಳಿಯಲು ಅವರು ಮಾಡಿದ ಪರೀಕ್ಷೆ ಬಹು ಸುಲಭ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚನ್ನು ಅಂಟುಪಟ್ಟಿಯಿಂದ ಭದ್ರವಾಗಿ ಮುಚ್ಚಿ, ಒಂದೆರಡು ದಿನ ಬಿಟ್ಟರು. ಹಾಳೆಯ ಹೊರಮೈಯಲ್ಲಿ ಹನಿಗಳಿದ್ದರೆ ತೇವ ಕೊಠಡಿಯದು. ಕಿಟಕಿ ತೆರೆದಿಟ್ಟು ಗಾಳಿಯಾಡಿಸಿದರೆ ಕಡಿಮೆಯಾದೀತು. ಒಳಮೈಯಲ್ಲಿ, ಗೋಡೆಯ ಕಡೆಗೆ, ಹನಿಗಳಿದ್ದರೆ ತೇವ ಗೋಡೆಯದೇ. ನಮ್ಮ ಹಾಳೆಯ ಒಳಮೈ ಸ್ನಾನದ ಮನೆಯ ಕನ್ನಡಿಯಂತೆ ಮಂಜಾಗಿತ್ತು. ಹೊರಗೆ ಹೋಗಿ ನೋಡಿದರೆ ಮೇಲಿನ ಅಂತಸ್ತಿನ ನೀರಿನ ಕೊಳವೆಯ ಬೆಸುಗೆ ಬಿಟ್ಟು, ನಮ್ಮ ಗೋಡೆಯ ಬೆನ್ನಿಗೇ ನೀರು ಸುರಿಯುತ್ತಿತ್ತು. ನಾವು ಎರಡು ವರ್ಷ ಹಲಗೆಯಿಂದ ಮುಚ್ಚಿಟ್ಟದ್ದು ಇದನ್ನು! ಮಾಲೀಕರಿಗೆ ಮೂರು ಅರ್ಜಿ ಬರೆದೆವು. ಕೊನೆಗೆ ನಾವೇ ಕೊಳಾಯಿಯವನನ್ನು ಕರೆತಂದು ಸರಿಮಾಡಿಸಿದೆವು. ದಸರೆ ಕಳೆದು, ದೀಪಾವಳಿ ಕಳೆದು, ಚಳಿಗಾಲದ ಒಣಗಾಳಿ ಬಂದ ಮೇಲೆ ಹಾಳೆಯ ಒಳಮೈ ಒಣಗಿತು. ಅಲ್ಲಿಯತನಕ ಅವರು ದಿನವೂ ಬಂದು, ಪತ್ರಿಕೆ ಓದಿ, ಹೋಗುವಾಗ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ ಹೋಗುತ್ತಿದ್ದರು. ಜ್ವರದ ಮಗುವಿನ ಹಣೆ ಮುಟ್ಟಿದಂತೆ.

ಒಣಗಿದ ಗೋಡೆಯಾದರೂ ಹಾಗೆಯೇ ಬಣ್ಣ ಹಚ್ಚಲು ಬರುವುದಿಲ್ಲ. ಹಳೆಯ ಸುಣ್ಣದ ಪದರದ ಮೇಲೆ ಎಣ್ಣೆಬಣ್ಣ ಹಚ್ಚಿದರೆ ಸುಣ್ಣ ತಾನು ಉದುರುವಾಗ ಬಣ್ಣವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಆದುದರಿಂದ ಸುಣ್ಣವನ್ನೆಲ್ಲ ತಗಡಿನಿಂದ ಕೆರೆದು ತೆಗೆಯಬೇಕು. ಹೊಸ ಸಿಮೆಂಟಿನ ಗಾರೆಯಾದರೆ ಇನ್ನೊಂದು ತೊಡಕು. ಅದರಲ್ಲಿ ಕ್ಷಾರ ಹೆಚ್ಚು. ಎಣ್ಣೆಯೂ ಕ್ಷಾರವೂ ಕೂಡಿದರೆ ಸಾಬೂನು ಎಂಬುದು ನಮ್ಮಲ್ಲಿ ಸಾಬೂನಿನ ಕಾರಖಾನೆಯಲ್ಲಿ ದುಡಿಯುವವರಿಗೆ ಗೊತ್ತು. ಹಸಿ ಗಾರೆಯ ಮೇಲಿನ ಎಣ್ಣೆಬಣ್ಣವೂ ನಿಧಾನವಾಗಿ ಸಾಬೂನಾಗಿ, ಮೆತ್ತಗಾಗಿ, ಜಿಗುಟಾಗಿ ಕೆಟ್ಟುಹೋಗುತ್ತದೆ. ಕೆಲವು ತಿಂಗಳು ಕಾಯಬೇಕು, ಮೇಲೆ ಕ್ಷಾರಕ್ಕೆ ಜಗ್ಗದ ಪ್ರೈಮರ್ ಒಂದು ಕೈ ಹಚ್ಚಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಿಕೊಳ್ಳಬೇಕೆಂದು ವಿನಂತಿ. ಹಳೆಯ ಚಾಳುಗಳ ಬಾಗಿಲು ಕಿಟಕಿಗಳಲ್ಲಿ, ಕೆಲವೆಡೆ ಗೋಡೆಗಳಲ್ಲಿಯೂ, ಇರುವ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ 2016ರಲ್ಲಿ ಆಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಚಿಕ್ಕ ಮಕ್ಕಳ ಮಿದುಳಿಗೆ ಕೇಡು, ಉಜ್ಜುವವರಿಗೂ ಕೇಡು. ನೀರು ಚಿಮುಕಿಸಿ, ಒದ್ದೆ ಮಾಡಿಯೇ ಉಜ್ಜಬೇಕು. ಮೂಗು ಬಾಯಿಗೆ ಧೂಳು ತಡೆಯುವ ಒಳ್ಳೆಯ ಮುಖವಾಡ ಕಟ್ಟಿಕೊಳ್ಳಬೇಕು, ಕರವಸ್ತ್ರ ಸಾಲದು. ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮಕ್ಕಳನ್ನು ಆ ದಿನ ನೆರೆಮನೆಗೆ ಕಳಿಸಿದರೆ ಇನ್ನೂ ಒಳ್ಳೆಯದು.

ಗೋಡೆ ಸಿದ್ಧವಾಗುತ್ತಿದ್ದಾಗಲೇ ನಮ್ಮಲ್ಲಿ ಒಂದು ವಾದ ಎದ್ದಿತು. ವಿಜಾಪುರದ ಕಡೆಯ ಗುಮಾಸ್ತರೊಬ್ಬರು, "ಏನ್ರೀ ಅಣ್ಣಾ, ಗ್ವಾಡಿಗೆ ಬಣ್ಣಾ ಹಚ್ಚಿ ಮರಾ ಅಂತ ತೋರ್ಸೂದು ಮೋಸ ಅಲ್ಲೇನ್ರೀ?" ಎಂದು ಕೇಳಿದರು. ಇದು ಹೊಸ ಪ್ರಶ್ನೆಯಲ್ಲ. ಇಂಗ್ಲೆಂಡಿನಲ್ಲಿ ಓಕ್ ಮರ ದುಬಾರಿಯಾಗಿ, ಬಾಲ್ಟಿಕ್ ಕಡೆಯಿಂದ ಬರುವ ಪೈನ್ ಅಗ್ಗವಾಗಿದ್ದ ಕಾಲದಲ್ಲಿ, ಪೈನ್ ಹಲಗೆಗೆ ಓಕ್ ಮರದ ಬಣ್ಣ ಬರೆಯುವ ಕೆಲಸ ಅಲ್ಲಿ ದೊಡ್ಡ ಕಸುಬಾಗಿತ್ತು. ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಎಂಬ ಗ್ರಂಥದಲ್ಲಿ ಇದನ್ನು ಕಟ್ಟಡದ ಸುಳ್ಳುಗಳಲ್ಲಿ ಒಂದೆಂದು ಎಣಿಸಿ ಖಂಡಿಸಿದನು. ಅದಾದ ಎರಡೇ ವರ್ಷಕ್ಕೆ, 1851ರಲ್ಲಿ, ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಥಾಮಸ್ ಕರ್ಷಾ ಎಂಬ ಬಣ್ಣಗಾರನು ಕುಂಚದಿಂದ ಮರವನ್ನೂ ಅಮೃತಶಿಲೆಯನ್ನೂ ಬರೆದು ತೋರಿಸಿ ಪದಕ ಪಡೆದನು. ಅವನ ಹಲಗೆಗಳನ್ನು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿಟ್ಟಿದ್ದಾರೆ. ಇತ್ತ ಅಮೆರಿಕೆಯಲ್ಲಿ ಜಾರ್ಜ್ ವಾಷಿಂಗ್ಟನ್ನನೇ ತನ್ನ ಮೌಂಟ್ ವರ್ನನ್ ಮನೆಯ ನಡುಹಜಾರದ ಪೈನ್ ಹಲಗೆಗಳಿಗೆ 1797ರಲ್ಲಿ ಮಹಾಗನಿಯ ಬಣ್ಣ ಬರೆಸಿದ್ದನು.

ನಮ್ಮ ಹಿರಿಯರು ಇದನ್ನೆಲ್ಲ ಓದಿದವರಲ್ಲ. ಅವರ ಉತ್ತರ ನೇರವಾಗಿತ್ತು: "ಮರ ಅಂತ ಹೇಳಿ ಮಾರಿದ್ರೆ ಮೋಸ. ನಾವೇನು ಮಾರ್ತೇವಾ? ಆಟದಲ್ಲಿ ಭೀಮನ ವೇಷ ಹಾಕಿದವನನ್ನು ಯಾರಾದ್ರೂ ಮೋಸಗಾರ ಅಂತ ಹೇಳ್ತಾರಾ?" ಗುಮಾಸ್ತರು ನಕ್ಕು ಸುಮ್ಮನಾದರು. ನಮಗೂ ರಸ್ಕಿನ್ನನಿಗಿಂತ ಈ ಮಾತೇ ಹಿಡಿಸಿತು. ಅದೂ ಅಲ್ಲದೆ, ಆ ಗುಮಾಸ್ತರು ದಿನಕ್ಕೆ ಎಂಟು ತಾಸು ಮೊಣಕೈ ಊರುವ ಕಚೇರಿಯ ಮೇಜಿನ ಮೈ ಯಾವುದರದು? ಲ್ಯಾಮಿನೇಟ್ ಹಾಳೆಯದು. ಮರದ ಚಿತ್ರವನ್ನು ಕಾಗದದ ಮೇಲೆ ಅಚ್ಚೊತ್ತಿ, ರಾಳದಲ್ಲಿ ನೆನೆಸಿ, ಕಾಯಿಸಿ ಒತ್ತಿದ ಹಾಳೆ ಅದು. ಯಂತ್ರ ಮಾಡಿದ ಚಿತ್ರವನ್ನು ಮರವೆಂದು ಒಪ್ಪುವವರು ಮನುಷ್ಯನ ಕೈ ಮಾಡಿದ್ದಕ್ಕೆ ಮೂಗು ಮುರಿಯುವುದೇಕೋ ತಿಳಿಯದು.

ಇನ್ನು ಕೆಲಸಕ್ಕೆ ಬರೋಣ. ಮರವನ್ನು ಬರೆಯಬೇಕಾದರೆ ಮರದ ಗೆರೆಗಳು ಎಲ್ಲಿಂದ ಬಂದವೆಂದು ತಿಳಿದಿರಬೇಕು. ತಿಳಿಯದೆ ಬರೆದದ್ದು ಹಾವು ಹರಿದಂತೆ ಕಾಣುತ್ತದೆಯೇ ಹೊರತು ಹಲಗೆಯಂತೆ ಕಾಣುವುದಿಲ್ಲ. ಮರ ವರ್ಷವರ್ಷವೂ ಹೊರಗಡೆಗೆ ಒಂದೊಂದು ಪದರ ಬೆಳೆಯುತ್ತದೆ. ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಆ ಪದರಗಳು ಉಂಗುರಗಳಾಗಿ ಕಾಣುವುದು ಎಲ್ಲರಿಗೂ ಗೊತ್ತು. ಉದ್ದಕ್ಕೆ ಸೀಳಿದಾಗ ಏನಾಗುತ್ತದೆ? ಕಾಂಡ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಆದ್ದರಿಂದ ಪದರಗಳು ಒಂದರೊಳಗೊಂದು ತೂರಿಸಿ ಬೋರಲು ಹಾಕಿದ ಕಡಲೆಕಾಯಿ ಪೊಟ್ಟಣಗಳಂತೆ ಇರುತ್ತವೆ. ಅಂಥ ಹತ್ತು ಪೊಟ್ಟಣಗಳನ್ನು ನಟ್ಟನಡುವೆ ಸೀಳಿದರೆ ಅಂಚುಗಳು ಬರೀ ನೇರ ಗೆರೆಗಳು. ನಡುವನ್ನು ಬಿಟ್ಟು ಪಕ್ಕದಲ್ಲಿ ಸೀಳಿದರೆ ಒಂದರ ಮೇಲೊಂದು ಏರುವ ಚೂಪು ಕಮಾನುಗಳು. ಒಂದೇ ದಿಮ್ಮಿಯಿಂದ ಬಂದ ಹಲಗೆಗಳಲ್ಲಿ ಕೆಲವು ನೇರಗೆರೆಯವು, ಕೆಲವು ಕಮಾನಿನವು ಆಗಿರುವುದು ಇದರಿಂದ. ಕಮಾನಿನ ಹಲಗೆಯಲ್ಲಿಯೂ ನಡುವೆ ಮಾತ್ರ ಕಮಾನು. ಎರಡು ಬದಿಗೆ ಹೋದಂತೆ ಗೆರೆಗಳು ನೇರವಾಗಿ, ಒತ್ತೊತ್ತಾಗಿ ಬರುತ್ತವೆ. ಕಮಾನಿನ ತುದಿ ಮರದ ತುದಿಯ ಕಡೆಗೆ.

ಈ ಕೊನೆಯ ಮಾತನ್ನು ನಮಗೆ ಕಲಿಸಿದವರು ಒಬ್ಬ ಆಚಾರ್ರು. ಅವರೂ ನಮ್ಮ ಸದಸ್ಯರೇ. ಮೊದಲ ಹಲಗೆಯ ಕೆಲಸವಾದ ಸಂಜೆ ಬಂದು, ಕೈ ಹಿಂದೆ ಕಟ್ಟಿ ನಿಂತು ಬಹಳ ಹೊತ್ತು ನೋಡಿದರು. "ಅಣ್ಣ, ಮರ ತಲೆಕೆಳಗಾಯ್ತಲ್ಲ" ಎಂದರು. ಕಮಾನಿನ ತುದಿ ಕೆಳಗೆ ಬಂದಿತ್ತು. ಕಂಬವಾಗಲಿ ಹಲಗೆಯಾಗಲಿ, ಬುಡ ಕೆಳಗೆ, ತುದಿ ಮೇಲೆ ನಿಲ್ಲಿಸಬೇಕೆಂಬುದು ಅವರಿಗೆ ಅವರ ತಂದೆ ಹೇಳಿಕೊಟ್ಟ ಪಾಠ. ನಮ್ಮ ಬಣ್ಣದ ಹಿರಿಯರು ಮರುಮಾತಾಡದೆ ಚಿಂದಿ ತೆಗೆದುಕೊಂಡು ಇಡೀ ಹಲಗೆಯನ್ನು ಒರೆಸಿಬಿಟ್ಟರು. ಬಣ್ಣ ಇನ್ನೂ ಹಸಿಯಿತ್ತು. ಮರುದಿನದಿಂದ ಆಚಾರ್ರು ಪ್ರತಿ ಭಾನುವಾರವೂ ಬಂದು ಮಗ್ಗುಲಲ್ಲಿ ಕೂತರು.

ಯಾವ ಮರ ಬರೆಯುವುದು ಎಂಬುದಕ್ಕೂ ಸ್ವಲ್ಪ ಜಗಳವಾಯಿತು. ಮಲೆನಾಡಿನವರಿಗೆ ಬೀಟೆ ಬೇಕು. ಕರಾವಳಿಯವರಿಗೆ ಮನೆಯ ಚಾವಡಿಯ ಹಲಸು ಬೇಕು. ಬಯಲುಸೀಮೆಯವರು, "ನಮ್ಮಲ್ಲಿ ಬೇವೂ ಜಾಲಿಯೂ ಬಿಟ್ಟರೆ ಇನ್ನೇನಿತ್ತು, ಯಾವುದಾದರೂ ಆಗಲಿ" ಎಂದರು. ಬೀಟೆಯ ಕಪ್ಪು ಗೋಡೆ ದೀಪದ ಬೆಳಕನ್ನು ನುಂಗಿಬಿಡುತ್ತದೆ. ಓದುವ ಕೊಠಡಿಗೆ ಅದು ಸಲ್ಲ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು. ಯಾವ ವಯಸ್ಸಿನ ಹಲಸು ಎಂಬುದೇ ಇನ್ನೊಂದು ಜಗಳವಾಗುತ್ತಿತ್ತು. ತೇಗವೆಂದು ತೀರ್ಮಾನವಾಯಿತು. ತಿಳಿ ಹೊಂಬಣ್ಣ, ಗೆರೆ ಸ್ಪಷ್ಟ, ಎಲ್ಲರೂ ಕಂಡ ಮರ. ಎಲ್ಲರೂ ಕಂಡ ಮರವನ್ನು ಬರೆಯುವುದು ಹೆಚ್ಚು ಕಷ್ಟ ಎಂದು ಹಿರಿಯರು ಗೊಣಗಿದರು, ಆದರೆ ಒಪ್ಪಿದರು.

ನಮ್ಮ ಗೋಡೆಯ ಉದ್ದ 18 ಅಡಿ, ಅಂದರೆ 216 ಅಂಗುಲ. ಹಲಗೆಯ ಎತ್ತರ 4 ಅಡಿ. ನಿಜವಾದ ಹಲಗೆಗೋಡೆ ಒಂದೇ ತುಂಡಲ್ಲ. ನಿಲುಪಟ್ಟಿ, ಅಡ್ಡಪಟ್ಟಿಗಳ ಚೌಕಟ್ಟು, ಅದರ ನಡುವೆ ತಗ್ಗಿನಲ್ಲಿ ಕೂರುವ ಹಲಗೆ. ಹೀಗೆ ಅದರ ಕಟ್ಟೋಣ. ನಮ್ಮ ಗುಮಾಸ್ತರು ಕಾಗದದ ಮೇಲೆ ಲೆಕ್ಕ ಹಾಕಿದರು. 4 ಅಂಗುಲ ಅಗಲದ ಒಂಬತ್ತು ನಿಲುಪಟ್ಟಿಗೆ 36 ಅಂಗುಲ ಹೋಯಿತು. ಉಳಿದ 180 ಅಂಗುಲದಲ್ಲಿ ಎಂಟು ಹಲಗೆ, ಒಂದೊಂದು 22½ ಅಂಗುಲ. ಮೇಲಿನ ಅಡ್ಡಪಟ್ಟಿ 4 ಅಂಗುಲ. ಕೆಳಗಿನದು 6 ಅಂಗುಲ. ಅದು ದಪ್ಪವಿದ್ದರೇ ಕಣ್ಣಿಗೆ ನೆಲೆಯಾಗಿ ಕಾಣುವುದೆಂದು ಆಚಾರ್ರ ಮಾತು. ಹಲಗೆಗೆ ಉಳಿದ ಎತ್ತರ 38 ಅಂಗುಲ. ತೂಗುಗುಂಡು, ರಸಮಟ್ಟ ಹಿಡಿದು, ನೂಲು ಹೊಡೆದು ಗುರುತು ಹಾಕಿದೆವು. ಈ ಗುರುತು ಕಾಲಂಗುಲ ಸೊಟ್ಟಗಾದರೂ ಮುಂದೆ ಎಷ್ಟು ಚೆಂದ ಬರೆದರೂ ಗೋಡೆಯೇ ವಾಲಿದಂತೆ ಕಾಣುತ್ತದೆ.

ಅದಕ್ಕೆ ಮೊದಲು ತಳದ ಬಣ್ಣ. ಇಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ಮರ ಕಂದು, ಆದ್ದರಿಂದ ಕಂದು ಹಚ್ಚೋಣ ಎಂದುಕೊಳ್ಳುವುದು. ಮರದಲ್ಲಿ ಅತ್ಯಂತ ತಿಳಿಯಾದ ಬಣ್ಣ ಯಾವುದಿದೆಯೋ ಅದು ತಳದ್ದು. ತೇಗದ ತುಂಡೊಂದನ್ನು ಕೈಯಲ್ಲಿ ಹಿಡಿದು ದಿಟ್ಟಿಸಿದರೆ ಗೆರೆಗಳ ನಡುವೆ ಹಾಲಿಗೆ ಬೆಲ್ಲ ಬೆರೆಸಿದಂಥ ತಿಳಿ ಹಳದಿ ಕಾಣುತ್ತದೆ; ಅದೇ ಬೇಕಾದದ್ದು. ಹೊಳಪು ಕಡಿಮೆಯಿರುವ ಬಣ್ಣವನ್ನು ಎರಡು ಕೈ ಹಚ್ಚಿ, ಪ್ರತಿ ಸಲವೂ ಒಣಗಿದ ಮೇಲೆ ನಯವಾದ ಪಾಲಿಶ್ ಪೇಪರಿನಿಂದ ಉಜ್ಜಬೇಕು. ಕುಂಚದ ಗೀರು ಉಳಿದರೆ ಮೇಲಿನ ಬಣ್ಣ ಅದರಲ್ಲಿ ಇಳಿದು, ಬೇಡವಾದ ಗೆರೆಯಾಗಿ ಎದ್ದು ಕಾಣುತ್ತದೆ.

ಮರವಾಗುವುದು ಇದರ ಮೇಲೆ ಹಚ್ಚುವ ತೆಳು ಲೇಪದಿಂದ. ಬಣ್ಣಗಾರರು ಇದನ್ನು ಗ್ಲೇಜ್ ಎನ್ನುತ್ತಾರೆ. ನಮ್ಮ ಹಿರಿಯರು ಕಾಯಿಸಿದ ಅಗಸೆ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಎರಡು ಪಾಲು, ಬೇಗ ಒಣಗಲು ಡ್ರೈಯರ್ ತುಸು, ಇವುಗಳಿಗೆ ಹಳದಿ ಮಣ್ಣು, ಸುಟ್ಟ ಅಂಬರ್ ಎಂಬ ಕಂದು ಮಣ್ಣು, ಚಿಟಿಕೆ ಹುರುಮಂಜಿ ಬೆರೆಸಿದರು. ಹಚ್ಚಿದರೆ ತಳದ ಬಣ್ಣ ಕಾಣುತ್ತಲೇ ಇರಬೇಕು. ಬಣ್ಣದ ಗಾಜಿನ ಮೂಲಕ ನೋಡಿದ ಹಾಗೆ. ಒಮ್ಮೆಗೆ ಒಂದೇ ಹಲಗೆಗೆ ಹಚ್ಚಬೇಕು, ಏಕೆಂದರೆ ಒಣಗುವ ಮೊದಲು ಎಲ್ಲವೂ ಮುಗಿಯಬೇಕು.

ಮೊದಲು ಒರಟು ಕುಂಚವನ್ನು ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಎಳೆದರು. ನೇರ ಎಳೆಗಳು ಮೂಡಿದವು. ಕಮಾನಿನ ಹಲಗೆಯಾದರೆ ನಡುವೆ ಸಣ್ಣ ಕುಂಚದಿಂದ ಕಮಾನುಗಳನ್ನು ಬರೆದು, ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಅಲ್ಲಲ್ಲಿ ಒರೆಸಿ ಬೆಳಕು ತಂದರು. ಹಳೆಯ ಸೈಕಲ್ ಟ್ಯೂಬಿನ ತುಂಡಿಗೆ ಕತ್ತರಿಯಿಂದ ಹಲ್ಲು ಕೊರೆದು ಮಾಡಿದ ಬಾಚಣಿಗೆಯೂ ಅವರ ಬಳಿಯಿತ್ತು. ಅದನ್ನೆಳೆದರೆ ಒತ್ತು ಗೆರೆಗಳು. ಮೇಲೆ ಒಣ ಮೆದು ಕುಂಚವನ್ನು ಸೋಕಿತೋ ಇಲ್ಲವೋ ಎಂಬಂತೆ ಆಡಿಸಿದರು. ಗೆರೆಗಳ ಅಂಚು ಮೆತ್ತಗಾಯಿತು. ಕೊನೆಯದು ನಮಗೆ ಅತ್ಯಂತ ಸೋಜಿಗವಾದದ್ದು. ಉದ್ದ ಕೂದಲಿನ ಕುಂಚದ ಪಕ್ಕೆಯಿಂದ ಹಸಿ ಲೇಪವನ್ನು ಟಪಟಪನೆ ಬಡಿಯುತ್ತ ಕೆಳಗಿನಿಂದ ಮೇಲಕ್ಕೆ ಹೋದರು. ಬಡಿದಲ್ಲೆಲ್ಲ ಲೇಪ ಸಣ್ಣ ಸಣ್ಣ ಚುಕ್ಕೆಗೀರುಗಳಾಗಿ ಒಡೆಯಿತು. ತೇಗದ ಮೈಯ ರಂಧ್ರಗಳು ಅವೇ! ಅಲ್ಲಿಯತನಕ ಚಿತ್ರವಾಗಿದ್ದದ್ದು ಆ ಬಡಿತದ ನಂತರ ಮರವಾಯಿತು. ನೋಡುತ್ತ ಕುಳಿತವರಲ್ಲಿ ಯಾರೋ ಒಬ್ಬರು ಎದ್ದು ಹೋಗಿ ಮೂಸಿ ನೋಡಿದರು.

ಮರವನ್ನು ಬರೆಯುವ ರಬ್ಬರಿನ ಅಚ್ಚು ಪೇಟೆಯಲ್ಲಿ ಸಿಗುತ್ತದೆ. ಹಸಿ ಲೇಪದ ಮೇಲೆ ಅದನ್ನು ಎಳೆಯುತ್ತ ತೊಟ್ಟಿಲಿನಂತೆ ತೂಗಿದರೆ ಕಮಾನೂ ಗಂಟೂ ತಾವಾಗಿ ಮೂಡುತ್ತವೆ. ಹೊಸಬರಿಗೆ ಅನುಕೂಲವೇ. ಆದರೆ ಕೈಗೆ ಸಿಕ್ಕಿತೆಂದು ಎಂಟೂ ಹಲಗೆಗೆ ಎಳೆದರೆ ಎಂಟೂ ಒಂದೇ ತಾಯಿಯ ಅವಳಿಗಳಾಗುತ್ತವೆ. ನೋಡಿದ ಕೂಡಲೆ ಗುಟ್ಟು ರಟ್ಟು. ಗಂಟುಗಳ ಆಸೆಯೂ ಹಾಗೆಯೇ. ಒಳ್ಳೆಯ ಆಚಾರಿ ಗಂಟಿಲ್ಲದ ಹಲಗೆಯನ್ನು ಆರಿಸುತ್ತಾನೆ. ಬಣ್ಣಗಾರನೇಕೆ ಗಂಟು ಹಾಕಬೇಕು? ನಮ್ಮ ಗೋಡೆಯಲ್ಲಿ ಮೂರು ಕಮಾನಿನ ಹಲಗೆ, ಐದು ನೇರಗೆರೆಯವು, ಒಂದೇ ಒಂದು ಸಣ್ಣ ಗಂಟು ಇವೆ. ಎಲ್ಲಿದೆಯೆಂದು ಹುಡುಕುವುದು ಈಗ ಮಕ್ಕಳಿಗೆ ಆಟವಾಗಿದೆ.

ಹಲಗೆಗಳು ಒಣಗಿದ ಮೇಲೆ ಅಡ್ಡಪಟ್ಟಿ, ಅವು ಒಣಗಿದ ಮೇಲೆ ನಿಲುಪಟ್ಟಿ. ಎಳೆ ಯಾವಾಗಲೂ ಆಯಾ ತುಂಡಿನ ಉದ್ದಕ್ಕೆ: ಅಡ್ಡಪಟ್ಟಿಯಲ್ಲಿ ಅಡ್ಡ, ನಿಲುಪಟ್ಟಿಯಲ್ಲಿ ನಿಲುವು. ಸೇರುವಲ್ಲಿ ಅಂಟುಪಟ್ಟಿ ಹಚ್ಚಿ, ಒಂದರ ಎಳೆ ಇನ್ನೊಂದಕ್ಕೆ ನುಗ್ಗದಂತೆ ಕತ್ತರಿಸಿದ ಹಾಗೆ ನಿಲ್ಲಿಸಬೇಕು. ಒಂದು ಗೆರೆ ತಪ್ಪಿ ಆಚೆಗೆ ಹರಿದರೂ ಕಣ್ಣು ಅದನ್ನು ಹಿಡಿಯುತ್ತದೆ. ಏನು ತಪ್ಪಿತೆಂದು ಹೇಳಲಾರದವರೂ ಏನೋ ತಪ್ಪಿದೆ ಎನ್ನುತ್ತಾರೆ.

ನೆರಳಿನ ಮಾತು ಚಿಕ್ಕದು, ಆದರೆ ಹಲಗೆ ತಗ್ಗಿನಲ್ಲಿ ಕೂತಂತೆ ಕಾಣುವುದು ಅದರಿಂದಲೇ. ನಮ್ಮ ಕಿಟಕಿ ಗೋಡೆಯ ಎಡಕ್ಕೆ, ದೀಪ ಮೇಲೆ. ಬೆಳಕು ಎಡದಿಂದ, ಮೇಲಿನಿಂದ ಬೀಳುವಾಗ ತಗ್ಗಿನ ಹಲಗೆಯ ಎಡ ಅಂಚೂ ಮೇಲಂಚೂ ನೆರಳಿನಲ್ಲಿರುತ್ತವೆ. ಬಲ ಅಂಚೂ ಕೆಳಂಚೂ ಬೆಳಕು ಹಿಡಿಯುತ್ತವೆ. ಹಾಗೆಯೇ ಎರಡು ಕಡೆ ಕಪ್ಪುಗಂದು ಗೆರೆ, ಎರಡು ಕಡೆ ತಿಳಿ ಗೆರೆ ಎಳೆದರು. ಇದನ್ನು ಅದಲುಬದಲು ಮಾಡಿದರೆ ಹಲಗೆ ಉಬ್ಬಿ ಹೊರಗೆ ಬಂದಂತೆ ಕಾಣುತ್ತದೆ. ತಮ್ಮ ಖೋಲಿಯಲ್ಲಿ ಬರೆಯುವವರು ಬೆಳಕು ಎತ್ತಣಿಂದ ಬರುವುದೆಂದು ಮೊದಲು ನೋಡಿಕೊಳ್ಳಬೇಕು.

ಎಲ್ಲ ಚೆನ್ನಾಗಿ ಒಣಗಿದ ಮೇಲೆ ಹೊಳಪು ಕಡಿಮೆಯಿರುವ ವಾರ್ನಿಷ್ ಎರಡು ಕೈ. ಈಗ ಒದ್ದೆ ಬಟ್ಟೆಯಿಂದ ಒರೆಸಬಹುದು. ಯಾರ ಅಂಗಿಗೂ ಏನೂ ಮೆತ್ತುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಮರೆಯಬಾರದು. ಅಗಸೆ ಎಣ್ಣೆ ಹೀರಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡುವುದು. ಆಗ ಶಾಖ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಶಾಖ ಹಾರಿಹೋಗುತ್ತದೆ. ಮುದ್ದೆಯಲ್ಲಿ ಒಳಗೇ ಕೂಡಿ, ಕಡ್ಡಿ ಗೀರದೆ, ಕಿಡಿ ಸೋಕದೆ, ಕೆಲವೇ ತಾಸುಗಳಲ್ಲಿ ತಾನಾಗಿ ಬೆಂಕಿ ಹತ್ತಬಹುದು. ಚಾಳಿನಲ್ಲಿ, ಪುಸ್ತಕದ ಕೊಠಡಿಯಲ್ಲಿ, ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಮನೆಯಲ್ಲಿ ಕೈ ಪಳಗಿಸಬೇಕೆಂಬವರಿಗೆ ಎಣ್ಣೆಯ ಗೊಡವೆಯೇ ಬೇಡ. ಅರ್ಧ ಲೋಟ ವಿನೆಗರ್, ಒಂದು ಚಮಚ ಸಕ್ಕರೆ, ಒಂದು ತೊಟ್ಟು ಪಾತ್ರೆ ತೊಳೆಯುವ ಸಾಬೂನಿನ ದ್ರವ, ಅದಕ್ಕೆ ಕಂದು ಬಣ್ಣದ ಪುಡಿ. ಇದು ಹಳೆಯ ಕಾಲದ ಬಣ್ಣಗಾರರ ಪಾಕ. ಬಣ್ಣ ಹಚ್ಚಿದ ಹಳೆಯ ತಗಡಿನ ಮೇಲೆ ಬರೆದು ನೋಡಿ. ಕೆಟ್ಟರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಿರಿ. ವಾರ್ನಿಷ್ ಬೀಳುವ ತನಕ ಎಷ್ಟು ಸಲವಾದರೂ ಅಳಿಸಬಹುದು. ಎದುರಿಗೆ ಒಂದು ನಿಜವಾದ ಮರದ ತುಂಡನ್ನು ಇಟ್ಟುಕೊಂಡೇ ಕೂರಬೇಕು. ನೆನಪಿನಿಂದ ಬರೆದ ಮರ ಯಾವಾಗಲೂ ಅಬ್ಬರದ್ದಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಗೋಡೆ ಬರೆಯುವಾಗ ಅವರ ತೊಡೆಯ ಮೇಲೆ ಆಚಾರ್ರು ತಂದುಕೊಟ್ಟ ತೇಗದ ಚೂರು ಸದಾ ಇರುತ್ತಿತ್ತು.

ಕೆಲಸಕ್ಕೆ ಒಟ್ಟು ಆರು ಭಾನುವಾರಗಳು ಹಿಡಿದವು. ಸಾಮಾನಿಗೆ ಹೋದದ್ದು ಸ್ವಲ್ಪ. ಕೈಗೆ ಹೋದದ್ದು ಬಹಳ. ಈ ಕೈಕೆಲಸವನ್ನು ಕೂಲಿ ಕೊಟ್ಟು ಮಾಡಿಸುವುದಾದರೆ ಅಗ್ಗದ ಹಲಗೆಗಿಂತ ಕಡಿಮೆಯಾದೀತೆಂದು ಯಾರೂ ಭಾವಿಸಬಾರದು. ಸಾಮಾನು ಅಗ್ಗ, ಸಮಯ ದುಬಾರಿ. ಬಿಡುವಿನ ದಿನ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಇದು ಗಿಟ್ಟುತ್ತದೆ.

ಮಳೆಗಾಲದಲ್ಲಿ ಕಿಟಕಿಯಿಂದ ಮೂರನೆಯ ಹಲಗೆಯ ಕೆಳಮೂಲೆಯಲ್ಲಿ ರೂಪಾಯಿಯ ಅಗಲದ ಗುಳ್ಳೆಯೊಂದು ಎದ್ದಿತು. ಸಮಿತಿಯವರಿಗೆ ಮುಖ ಸಪ್ಪಗಾಯಿತು. ಹಿರಿಯರು ಮಾತ್ರ, "ನೋಡಿ, ಗೋಡೆ ಮಾತಾಡ್ತು" ಎಂದು ಕೊಡೆ ಬಿಡಿಸಿ ಹೊರಗೆ ನಡೆದರು. ಕೊಳವೆಯ ಹೊಸ ಬೆಸುಗೆಯ ಕೆಳಗೆ ಇನ್ನೊಂದು ಕಡೆ ನೀರು ಜಿನುಗುತ್ತಿತ್ತು. ಅಂದು ಸಂಜೆಯೇ ಕೆಳಗಿನ ಅರೆಯ ಪುಸ್ತಕಗಳನ್ನೆಲ್ಲ ಮೇಜಿನ ಮೇಲಕ್ಕೆ ಸಾಗಿಸಿದೆವು. ಎರಡು ದಿನದಲ್ಲಿ ಕೊಳವೆ ಸರಿಯಾಯಿತು. ಒಂದು ಹಾಳೆಯೂ ಹಾಳಾಗಲಿಲ್ಲ. ಗುಳ್ಳೆಯನ್ನು ಕೆರೆದ ಜಾಗ ಹಾಗೆಯೇ ಇದೆ. ಗೋಡೆ ಪೂರಾ ಒಣಗಿದ ಮೇಲೆ, ದೀಪಾವಳಿಯ ನಂತರ, ಅಲ್ಲಿ ಮತ್ತೆ ಮರ ಬರೆಯುವುದಾಗಿ ಹಿರಿಯರು ಹೇಳಿದ್ದಾರೆ. ಕಲಿಯಬೇಕೆಂಬ ಸದಸ್ಯರು ಆ ಭಾನುವಾರ ಬೆಳಿಗ್ಗೆ ಹಳೆಯ ಅಂಗಿ ತೊಟ್ಟು ಬರಬೇಕು. ಗೋಡೆಯ ಮೇಲೆ ಎಲ್ಲಿಯಾದರೂ ಹೊಸ ಗುಳ್ಳೆ ಕಂಡವರು ಅದನ್ನು ಒಡೆಯದೆ ಕೂಡಲೇ ಗ್ರಂಥಪಾಲರಿಗೆ ತಿಳಿಸಬೇಕಾಗಿ ಕೋರಿಕೆ.